ನೂರು ಗಜದಾಚೆಯ ತಟ್ಟೆ

ಮಜ್ಜಿಗೆ ಕುಡಿದವನ ಮೀಸೆಯ ಮೇಲೆ ಉಳಿಯುವ ಬಿಳಿಗೆರೆ ಊಟದ ಮೇಜಿನ ಸುತ್ತ ಕುಳಿತವರಿಗೆಲ್ಲ ಕಾಣುತ್ತದೆ. ಕಾಣದವನು ಆ ಮೀಸೆಯ ಯಜಮಾನನೊಬ್ಬನೇ. ಈ ಮಹಾಸತ್ಯ ನನಗೆ ಮನದಟ್ಟಾದದ್ದು ಯಾವ ಗುರುವಿನ ಪಾದಮೂಲದಲ್ಲೂ ಅಲ್ಲ, ಅಮೆರಿಕದ ಮಿಷಿಗನ್ನಿನಲ್ಲಿ ನಾನಿದ್ದ ಟ್ರಾಯ್‌ನಿಂದ ಮುಕ್ಕಾಲು ಗಂಟೆ ಡ್ರೈವ್ ಮಾಡಿದರೆ ಸಿಗುವ, ಮೂರು ಕಡೆ ಮಣ್ಣಿನ ದಿಬ್ಬಗಳಿರುವ ಒಂದು ಶೂಟಿಂಗ್ ರೇಂಜಿನಲ್ಲಿ ಎಂದರೆ ನೀವು ನಗಬಾರದು.

ಕಾರಿನ ಬ್ರೇಕುಗಳ ವಿನ್ಯಾಸ ಮಾಡಿ ಹೊಟ್ಟೆ ಹೊರೆಯುತ್ತಿದ್ದ, ಜಿರಲೆ ಕಂಡರೆ ಹೆಂಡತಿಯನ್ನು ಕೂಗುವ ನನ್ನಂಥ ಸಾಧುಪ್ರಾಣಿಯ ಕೈಗೆ ಪಿಸ್ತೂಲು ಹಿಡಿಸಿದವರು ಖಲೀಲ್ ಸಾಹೇಬರು. ಮೂಲತಃ ಚಿತ್ರದುರ್ಗದವರು, ನಮ್ಮ ಪಕ್ಕದ ಊರಿನಲ್ಲಿ ಡ್ರೈಕ್ಲೀನಿಂಗ್ ಅಂಗಡಿ ಇಟ್ಟಿದ್ದರು. ಅವರ ಆಟ ವಿಚಿತ್ರವಾಗಿತ್ತು: ನೂರು ಗಜ ದೂರದಲ್ಲಿ ಊಟದ ತಟ್ಟೆಯಷ್ಟಗಲದ ಉಕ್ಕಿನ ಬಿಲ್ಲೆಯೊಂದನ್ನು ತೂಗುಹಾಕಿ, ಅದಕ್ಕೆ ಬಂದೂಕಿನಿಂದಲ್ಲ, ಅಂಗೈಯಗಲದ ಪಿಸ್ತೂಲಿನಿಂದ ಹೊಡೆಯುವುದು. ಚಾಳೀಸು ಬಂದ ಕಣ್ಣಿಗೆ ಪಿಸ್ತೂಲಿನ ಮೊನೆ ಕಂಡರೆ ಗುರಿ ಮಸುಕು, ಗುರಿ ಕಂಡರೆ ಮೊನೆ ಮಾಯ. ಅದಕ್ಕೆಂದೇ ಪಿಸ್ತೂಲಿನ ನೆತ್ತಿಯ ಮೇಲೆ ಬ್ಯಾಟರಿ ತುಂಬಿದ ಪುಟ್ಟ ಕೊಳವೆಯೊಂದನ್ನು ಕೂರಿಸಿರುತ್ತಾರೆ. ಅದರ ಗಾಜಿನಲ್ಲಿ ಉರಿಯುವ ಕೆಂಪು ಚುಕ್ಕಿಯನ್ನು ತಟ್ಟೆಯ ಮೇಲೆ ನಿಲ್ಲಿಸಿ ಟ್ರಿಗರ್ ಒತ್ತಬೇಕು. ತಗುಲಿದರೆ ಒಂದು ಕ್ಷಣ ತಡವಾಗಿ ಠಣ್ ಎನ್ನುತ್ತದೆ. ತಗುಲದಿದ್ದರೆ ಗುಂಡು ಎಲ್ಲಿ ಹೋಯಿತೆಂದು ಹೊಡೆದವನಿಗೆ ತಿಳಿಯುವುದೇ ಇಲ್ಲ; ಹಿಂದೆ ದೂರದರ್ಶಕ ಹಿಡಿದು ಕುಳಿತವರು, ಎದ್ದ ಧೂಳನ್ನು ನೋಡಿ, ಎಡಕ್ಕೆ ಗೇಣು, ಮೇಲಕ್ಕೆ ಮೊಳ ಎಂದು ಹೇಳಬೇಕು. ಶನಿವಾರಗಳಂದು ನಾವಿಬ್ಬರೂ ಸರದಿಯಂತೆ ಒಬ್ಬರಿಗೊಬ್ಬರು ಕಣ್ಣಾಗಿದ್ದೆವು.

ನ್ಯೂಯಾರ್ಕಿನ ಗೋಪುರಗಳು ಬಿದ್ದ ಮೇಲೆ ಸಾಹೇಬರು ರೇಂಜಿಗೆ ಬರುವುದನ್ನು ನಿಲ್ಲಿಸಿದರು. ಅವರಿಗೆ ಯಾರೂ ಏನೂ ಅಂದಿರಲಿಲ್ಲ. ಯಾರಾದರೂ ಅನ್ನುವ ಮೊದಲೇ ಮನೆಯಲ್ಲಿರೋಣವೆಂದು ಅವರೇ ತೀರ್ಮಾನಿಸಿದ್ದರು. ನಾನು ಒತ್ತಾಯಿಸಿದಾಗ ಇಸ್ತ್ರಿ ಮಾಡಿದ ಅಂಗಿಯ ಮಡಿಕೆಯನ್ನು ನೋಡುತ್ತಲೇ, "ಮೂರ್ತಿಯವ್ರೇ, ನಿಮ್ ಕೈಲಿ ಪಿಸ್ತೂಲಿದ್ರೆ ಹವ್ಯಾಸ. ನನ್ ಕೈಲಿದ್ರೆ ಸುದ್ದಿ" ಎಂದರು. ಒಂದು ವರ್ಷ ಒಬ್ಬನೇ ಹೋಗಿ ಮಿಷಿಗನ್ನಿನ ಮಣ್ಣಿಗೆ ಸೀಸವನ್ನು ಧಾರಾಳವಾಗಿ ದಾನ ಮಾಡಿ ಬಂದೆ. ಗುಂಡು ತಪ್ಪಿದ್ದಕ್ಕಿಂತ ಬೆನ್ನ ಹಿಂದಿನ ಆ ದನಿ ಇಲ್ಲದ್ದು ನನಗೆ ಹೆಚ್ಚು ನೋಯುತ್ತಿತ್ತು.

ಮರುವರ್ಷದ ಅಕ್ಟೋಬರಿನಲ್ಲಿ, ಪಿಸ್ತೂಲು ಮುಟ್ಟುವುದು ಬೇಡ, ಸುಮ್ಮನೆ ದೂರದರ್ಶಕದಲ್ಲಿ ನೋಡಿ ಹೇಳಿ ಸಾಕು ಎಂದು ಅಂಗಲಾಚಿ ಅವರನ್ನು ಕರೆದೊಯ್ದೆ. ಟೋಪಿಯನ್ನು ಹುಬ್ಬಿನವರೆಗೂ ಎಳೆದುಕೊಂಡು, ಯಾರ ಕಣ್ಣಿಗೂ ಬೀಳದಂತೆ ನನ್ನ ಹಿಂದೆ ಮುದುರಿ ಕುಳಿತರು. ನಾನು ಹೊಡೆದೆ. ಮತ್ತೆ ಮತ್ತೆ ಹೊಡೆದೆ. ಕೆಂಪು ಚುಕ್ಕಿ ಅಂದೇಕೋ ದಪ್ಪಗಿತ್ತು. ಹೊಸ ಬ್ಯಾಟರಿಯ ಪ್ರತಾಪವಿರಬೇಕೆಂದು ಒಳಗೊಳಗೇ ಹಿಗ್ಗಿದೆ.

"ಒಂದು ಬಲಕ್ಕೆ, ಒಂದು ಎಡಕ್ಕೆ, ಒಂದು ಆಕಾಶಕ್ಕೆ. ಏನ್ರೀ ಇದು, ಕೊಡಿ ಇಲ್ಲಿ!" ಎಂದು ಸಾಹೇಬರು ತಡೆಯಲಾರದೆ ಎದ್ದು ಬಂದರು. ಪಿಸ್ತೂಲಿನ ಗುಂಡು ತೆಗೆದು, ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದವರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಸ್ವಿಚ್ಚನ್ನೇ ನಾನು ಹಾಕಿರಲಿಲ್ಲ. ನಾನು ಇಷ್ಟು ಹೊತ್ತು ಗುರಿಯಿಟ್ಟದ್ದು ಗಾಜಿನ ನಟ್ಟನಡುವೆ ಒಣಗಿ ಕೂತಿದ್ದ ಒಂದು ಕುಂಕುಮದ ಬೊಟ್ಟಿನಿಂದ! ಆಯುಧಪೂಜೆಯ ದಿನ ಕಾರು, ಕಂಪ್ಯೂಟರು, ಮಿಕ್ಸಿಗಳ ಜೊತೆಗೆ ನನ್ನ ಹೆಂಡತಿ ಸುಮಿತ್ರಾ ಮನೆಯಲ್ಲಿದ್ದ ಏಕಮಾತ್ರ ನಿಜವಾದ ಆಯುಧವನ್ನು ಮರೆಯದೆ ಪೂಜಿಸಿದ್ದಳು.

"ಅಕ್ಕಾವ್ರು ಬೊಟ್ಟಿಡೋಕೆ ಸರಿಯಾದ ಜಾಗಾನೇ ಹುಡುಕಿದಾರೆ" ಎನ್ನುತ್ತ ಸಾಹೇಬರು ಕರವಸ್ತ್ರದ ತುದಿಯನ್ನು ಒದ್ದೆ ಮಾಡಿ ಗಾಜನ್ನು ಒರೆಸಿದರು. ಸ್ವಿಚ್ಚು ಹಾಕಿದರು. ಸರಿಯಾಯಿತೋ ಇಲ್ಲವೋ ಪರೀಕ್ಷಿಸಬೇಕಲ್ಲ? ಗುಂಡು ತುಂಬಿ, ಕೈಚಾಚಿ ನಿಂತರು. ಪಿಸ್ತೂಲು ಮುಟ್ಟುವುದಿಲ್ಲವೆಂಬ ಕರಾರಿನ ಮೇಲೆ ಬಂದದ್ದು ಅವರಿಗೆ ಮರೆತೇಹೋಗಿತ್ತು. ನೆನಪಿಸುವಷ್ಟು ದಡ್ಡ ನಾನಲ್ಲ.

ಹೊಡೆದರು. ಠಣ್ ಎನ್ನಲಿಲ್ಲ. ಆ ನಿಶ್ಶಬ್ದದಲ್ಲಿ ಅವರಿಗೆ ತಾವೆಲ್ಲಿದ್ದೇವೆಂಬುದು ನೆನಪಾಗಿರಬೇಕು, ಭುಜ ಕುಗ್ಗಿತು. ಪಕ್ಕದ ಸಾಲಿನಲ್ಲಿ ಕಾರ್ಖಾನೆಯಿಂದ ನಿವೃತ್ತನಾದ ಬಿಳಿಯ ಮುದುಕನೊಬ್ಬ ತನ್ನ ದೂರದರ್ಶಕವನ್ನು ನಮ್ಮ ತಟ್ಟೆಯತ್ತ ತಿರುಗಿಸಿರುವುದು ನಮ್ಮಿಬ್ಬರಿಗೂ ಒಟ್ಟಿಗೇ ಕಂಡಿತು. ಆತ ಗಾಜಿನಿಂದ ಕಣ್ಣು ತೆಗೆಯದೆ ಇಂಗ್ಲಿಷಿನಲ್ಲಿ ಇಷ್ಟೇ ಹೇಳಿದ: "ಎರಡಿಂಚು ಕೆಳಗೆ. ಅಭ್ಯಾಸ ತಪ್ಪಿದೆ ನಿನಗೆ."

ಸಾಹೇಬರು ಎರಡಿಂಚು ಮೇಲೆ ಹಿಡಿದು ಹೊಡೆದರು. ತಟ್ಟೆಯ ಸದ್ದು ಎಂದಿನಂತೆ ಒಂದು ಕ್ಷಣ ತಡವಾಗಿ ನಮ್ಮ ಬಳಿ ಬಂತು. ಅವರು ಟೋಪಿಯನ್ನು ಹಣೆಯಿಂದ ಹಿಂದಕ್ಕೆ ಸರಿಸಿ, ಪಿಸ್ತೂಲನ್ನು ನನಗೆ ಮರಳಿಸುತ್ತ ಅಂದರು: "ಮುಂದಿನ ಶನಿವಾರ ನನ್ದೇ ತರ್ತೀನಿ."