ಮಾಲೆಯ ಕೆಳಗಿನ ಕಲೆ

ಮೊದಲೇ ಹೇಳಿಬಿಡುತ್ತೇನೆ. ಸುಲಭವಾಗಿ ಗೆಲ್ಲಬಹುದಾಗಿದ್ದ ಜಗಳವೊಂದನ್ನು ಇನ್ನೇನು ಸೋತೆವು ಎನ್ನುವಲ್ಲಿಗೆ ತಂದು ನಿಲ್ಲಿಸಿದವನು ನಾನು. ಅದೂ ಎದುರಾಳಿಯ ಅಂಗಳದಲ್ಲಿ, ಅಭಿನಯ ಸಮೇತ. ನನ್ನ ಬಾಯಿಯೇ ಅಂಥದ್ದು. ಯಾರ ದನಿ ಕಿವಿಗೆ ಬಿದ್ದರೂ ಅದನ್ನು ತಿರುಗಿ ಆಡದೆ ಅದಕ್ಕೆ ಸಮಾಧಾನವಿಲ್ಲ. ಬ್ಯಾಂಕಿನ ಕ್ಯಾಶಿಯರ್, ಮೀನು ಮಾರುವ ಹೆಂಗಸು, ದೇವಸ್ಥಾನದ ಭಟ್ಟರು, ನೆಗಡಿಯಾದಾಗಿನ ನಾನು, ಎಲ್ಲರನ್ನೂ ಮಾಡಿ ತೋರಿಸುತ್ತಿದ್ದೆ. ಅಂಕೋಲೆಯಲ್ಲಿ ನನ್ನನ್ನು ಕಂಡರೆ ಅರ್ಧ ಜನ ನಗುತ್ತಿದ್ದರು, ಇನ್ನರ್ಧ ಜನ ಮಾತು ನಿಲ್ಲಿಸುತ್ತಿದ್ದರು.

ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್. ಕದ್ವಾಡ, ಕಿನ್ನರದ ಇಕ್ಕಟ್ಟು ರಸ್ತೆಗಳಲ್ಲಿ ಒಂದು ಬದಿಗೆ ಕಲ್ಲಿನ ಪಾಗಾರದ ಗೋಡೆ, ಇನ್ನೊಂದು ಬದಿಗೆ ಗದ್ದೆ, ಎದುರಿನಿಂದ ಟೆಂಪೋ ಬಂದರೂ ಅವರ ಬಸ್ಸಿನ ಮೈಗೆ ಒಂದು ಗೀರು ಬಿದ್ದದ್ದಿಲ್ಲ. ಅವರಿಗೆ ಬೇರೆ ಹೆಮ್ಮೆ ಇರಲಿಲ್ಲ. ಬೇರೆಯವರ ಗಾಡಿ ಜಜ್ಜಿದ್ದು ಕಂಡರೆ ಗಾಯ ಕಂಡ ವೈದ್ಯರ ಹಾಗೆ ಬಗ್ಗಿ ನೋಡಿ, "ಇವ ಡ್ರೈವರ್ ಅಲ್ಲ ತಮಾ, ಬರೀ ಸ್ಟೇರಿಂಗ್ ಹಿಡ್ಕಂಡವ" ಎನ್ನುತ್ತಿದ್ದರು. ಆ ಮಾತನ್ನೂ ನಾನು ಅವರ ಹಾಗೇ ಗಲ್ಲ ಉಜ್ಜುತ್ತ ಹೇಳುತ್ತಿದ್ದೆ, ಅವರು ಮನೆಯಲ್ಲಿ ಇಲ್ಲದಾಗ.

ಜೀವನವೆಲ್ಲ ಬೇರೆಯವರ ಗಾಡಿ ಓಡಿಸಿದವರು ಕಡೆಗೂ ಸ್ವಂತಕ್ಕೊಂದು ಕಾರು ಕೊಂಡರು. ಮೊಬೈಲ್ ರೀಚಾರ್ಜಿನ ಬೋರ್ಡುಗಳು ಊರಿನಲ್ಲಿ ಆಗಷ್ಟೇ ಏಳತೊಡಗಿದ್ದ ಕಾಲ ಅದು. ಕಾರವಾರದ ಶೋರೂಮಿನಲ್ಲಿ ಬೆಳ್ಳಿ ಬಣ್ಣದ ಕಾರಿನ ಬಾನೆಟ್ಟಿನ ತುಂಬ ಗೊಂಡೆ ಹೂವಿನ ಮಾಲೆ ಹರವಿ ಕಟ್ಟಿ ನಿಲ್ಲಿಸಿದ್ದರು. ಅಪ್ಪ ನೆಲಕ್ಕೆ ಬಗ್ಗಿ ಎಣ್ಣೆ ಸೋರಿದೆಯೋ ನೋಡಿದರು, ಟೈರು ಒದ್ದರು, ಹಾರ್ನ್ ಹೊಡೆದರು. ಮಾಲೆಯನ್ನು ಮಾತ್ರ ಮುಟ್ಟಲಿಲ್ಲ. ಆಯುಧಪೂಜೆಗೆ ಬಸ್ಸಿಗೆ ಹಾಕಿದ ಮಾಲೆಯನ್ನು ಡ್ರೈವರಾದವನು ಕೈಯಾರೆ ತೆಗೆಯಬಾರದು, ಅದು ಒಣಗಿ ತಾನಾಗಿ ಬೀಳಬೇಕು ಎನ್ನುವುದು ಅವರ ಡಿಪೋದ ಕಟ್ಟಳೆ. ಆ ಹೊತ್ತಿಗೆ ನಾನು ಎಲ್ಲಿದ್ದೆ ಎಂದು ಕೇಳಬೇಡಿ. ಸೇಲ್ಸ್‌ಮನ್ನಿನ "ಕಂಗ್ರಾಚುಲೇಶನ್ಸ್ ಸರ್" ಅನ್ನು ಅವನಿಗೇ ತಿರುಗಿ ಹೇಳಿ ನಗಿಸುತ್ತಿದ್ದೆ.

ಅಂಕೋಲೆಗೆ ಬಂದು ದೇವಸ್ಥಾನದ ಎದುರು ಪೂಜೆ ಮಾಡಿಸಿದೆವು. ಚಕ್ರಗಳ ಕೆಳಗೆ ಲಿಂಬೆಹಣ್ಣು ಇಟ್ಟಾಯಿತು. ಕಾಯಿ ಒಡೆಯುವ ಕೆಲಸ ನನಗೆ ಬಂತು. ಸುಮ್ಮನೆ ಒಡೆದೆನೇ? ಭಟ್ಟರ ಹಾಗೆ ಗಂಟಲಿನಲ್ಲೇ ಏನೋ ಗುಣುಗುಣಿಸಿ, ಅವರ ಹಾಗೇ ಒಂದು ಕಣ್ಣು ಮುಚ್ಚಿ, ಕಾಯಿಯನ್ನು ತಲೆಯ ಮೇಲೆತ್ತಿ ಕಲ್ಲಿಗೆ ಅಪ್ಪಳಿಸಿದೆ. ಕರಟದ ಚೂರೊಂದು ಹಾರಿ ಬಾನೆಟ್ಟಿಗೆ ಟಣ್ ಎಂದು ಬಡಿಯಿತು. ಭಟ್ಟರು ಆ ಒಂದು ಕಣ್ಣಿನಿಂದಲೇ ನನ್ನನ್ನು ನುಂಗುವ ಹಾಗೆ ನೋಡಿದರು.

ಮರುದಿನ ಬೆಳಿಗ್ಗೆ ಅಪ್ಪ ಕಾರು ಒರೆಸುತ್ತಿದ್ದವರು ಇದ್ದಕ್ಕಿದ್ದಂತೆ ಬಾನೆಟ್ಟಿನ ಮೇಲೆ ಬಗ್ಗಿದರು. ಒರೆಸಲೆಂದು ಮಾಲೆಯನ್ನು ಒಂದಿಷ್ಟು ಎತ್ತಿದ್ದರು. ಕೆಳಗೆ ಹೆಬ್ಬೆರಳಿನಷ್ಟು ತಗ್ಗು. ಅದರ ಮೇಲೆ ಯಾರೋ ಬಣ್ಣ ತಿಕ್ಕಿದ್ದರು. ಸುತ್ತಲಿನ ಬೆಳ್ಳಿ ಬಣ್ಣ ಹೊಳೆಯುತ್ತಿತ್ತು, ಇದು ಮಾತ್ರ ಬೂದಿ ಮೆತ್ತಿದ ಹಾಗಿತ್ತು. ಬಣ್ಣದೊಳಗೆ ಬ್ರಶ್ಶಿನ ಒಂದು ಕೂದಲು ಅಂಟಿ ಒಣಗಿ ಹೋಗಿತ್ತು. ಅಮ್ಮ, ನಮ್ಮ ಮಾತಿನಲ್ಲಿ ಆಯಿ, ಬಂದು ಉಗುರಿನಿಂದ ಕೆರೆದು ನೋಡಿದಳು. ಕೂದಲು ಅಲುಗಲಿಲ್ಲ.

ಅಪ್ಪ ಮಾಲೆಯನ್ನು ಮತ್ತೆ ಅದರ ಮೇಲೆ ಸರಿಯಾಗಿ ಹರವಿದರು. ನನಗೆ ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ.

ಸಂಜೆಯೊಳಗೆ ಮಾಲೆ ಬಾಡಿತು. ಪಕ್ಕದ ಮನೆಯವರು ನಿವೃತ್ತ ಕಂಡಕ್ಟರ್, ಅಪ್ಪನ ಬಸ್ಸಿನಲ್ಲೇ ಸೀಟಿ ಊದಿದವರು. ಬೇಲಿಯಾಚೆಯಿಂದಲೇ ಕೂಗಿದರು:

"ಎಂತದ್ರಾ ಡ್ರೈವರ್ರೇ, ಮಾಲೆ ಬಾಡ್ತು. ಮದುಮಗಳ ಮುಖ ನಮಗೂ ಒಂಚೂರು ತೋರ್ಸ್ತ್ರ್ಯೋ ಇಲ್ವೋ?"

ಹೇಳುತ್ತಲೇ ಒಳಗೆ ಬಂದು ಮಾಲೆ ಎತ್ತಿದರು. ನೋಡಿದರು. ಆಮೇಲೆ ಬಹಳ ಮೆಲ್ಲಗೆ, ಬಹಳ ಪ್ರೀತಿಯಿಂದ ಹೇಳಿದರು:

"ಇರ್ಲಿ ಬಿಡಿ. ಬಸ್ಸಿನ ಅಂದಾಜು ಬೇರೆ, ಕಾರಿನ ಅಂದಾಜು ಬೇರೆ. ಮೊದಲ್ನೇ ದಿನ ಯಾರಿಗಾದ್ರೂ ತಾಗ್ತದೆ."

ಬೈದಿದ್ದರೆ ಅಪ್ಪ ಸಹಿಸುತ್ತಿದ್ದರು. ಈ ಸಮಾಧಾನದ ಮಾತು ಅವರ ಊಟ ಕೆಡಿಸಿತು. ನಾಳೆ ಬಸ್‌ಸ್ಟ್ಯಾಂಡಿನ ಚಾದಂಗಡಿಯಲ್ಲಿ ಈ ಮಾತು ಬನ್ಸಿನ ಜೊತೆ ಹಂಚಿಹೋಗುತ್ತದೆ ಎಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. "ನಾಳೆ ಕಾರವಾರ," ಎಂದರು. "ಬಣ್ಣ ಹಚ್ಚಿಸ್ಕಂಡು ಬರೂಕಲ್ಲ. ಅವ್ರ ಬಾಯಲ್ಲಿ ಹೇಳ್ಸೂಕೆ."

ಮರುದಿನ ಮೂವರೂ ಹೊರಟೆವು. ಅವರ್ಸೆ, ತೋಡೂರು, ಬಿಣಗಾದ ತಿರುವುಗಳನ್ನೆಲ್ಲ ಅಪ್ಪ ಒಂದೇ ಓಟದಲ್ಲಿ ದಾಟಿದರು. ಶೋರೂಮಿಗೆ ಹೋದವರು ಕಾರನ್ನು ನೇರ ಗಾಜಿನ ಬಾಗಿಲಿಗೆ ಅಡ್ಡ ನಿಲ್ಲಿಸಿದರು. ಬಾಗಿಲಿಗೂ ಬಂಪರಿಗೂ ನಡುವೆ ಒಬ್ಬ ತೆಳ್ಳಗಿನ ಗಿರಾಕಿ ಮಾತ್ರ ನುಸುಳಬಹುದಿತ್ತು. ಅಪ್ಪನ ಅಂದಾಜು ಹಾಗೆ.

ಮ್ಯಾನೇಜರು ಹುಬ್ಬಳ್ಳಿ ಕಡೆಯವರು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗು. ಕಲೆಯನ್ನು ಒಳಗೆ ತಮ್ಮ ಮೇಜಿನ ಬಳಿಯಿಂದಲೇ ಗಾಜಿನ ಮೂಲಕ ನೋಡಿ, "ಗಾಡಿ ಇಲ್ಲಿಂದ ಹೊರಗ ಹೋದಾಗ ಏನೂ ಇರಲಿಲ್ರೀ ಸರ್. ಪೂಜಿ ಮಾಡಿಸಿದ್ರೇನ್ರಿ? ಕಾಯಿ ಒಡದ್ರೇನ್ರಿ?" ಎಂದರು.

ಅಪ್ಪ "ಪೂಜೆ ಇರ್ಲಿ, ಆ ಬಣ್ಣ ನೋಡಿ" ಎಂದು ಬೆರಳು ತೋರಿಸುವಷ್ಟರಲ್ಲಿ ನಾನು ಮುಂದೆ ಬಂದೆ. ಅಪ್ಪನನ್ನು ಕಾಪಾಡಲು ಬಂದೆ ಎಂದು ನನ್ನ ನಂಬಿಕೆ. ಕಾಯಿ ಒಡೆದದ್ದು ಕಾರಿನಿಂದ ಎಷ್ಟು ದೂರದಲ್ಲಿ ಎಂದು ತೋರಿಸಬೇಕಿತ್ತು, ಅಷ್ಟೇ. ಆದರೆ ಸುತ್ತ ಸೇಲ್ಸ್‌ಮನ್ನುಗಳು ನೆರೆದಿದ್ದರು, ರಿಸೆಪ್ಶನ್ನಿನ ಹುಡುಗಿಯೂ ಎದ್ದು ನಿಂತಿದ್ದಳು. ಭಟ್ಟರ ಗುಣುಗುಣು ಬಂತು, ಒಂದು ಕಣ್ಣು ಮುಚ್ಚಿತು, ಮೇಜಿನ ಮೇಲಿದ್ದ ಪೇಪರ್‌ವೇಟು ನನ್ನ ತಲೆಯ ಮೇಲೇರಿತು. ಎಲ್ಲರೂ ನಕ್ಕರು. ನಗು ಕೇಳಿದ ಮೇಲೆ ನನಗೆ ಬ್ರೇಕು ಹಿಡಿಯುವುದಿಲ್ಲ. "ಚೂರು ಹಾರ್ತು ನೋಡಿ, ಬಂತು ಬಂತು ಬಂತು, ಬಾನೆಟ್ಟಿಗೆ ಟಣ್!" ಎಂದು ಬಾಯಿಂದಲೇ ಶಬ್ದ ಮಾಡಿ ತೋರಿಸಿದೆ.

ಮ್ಯಾನೇಜರು ಚಪ್ಪಾಳೆ ತಟ್ಟಿದರು.

"ಆತಲ್ರೀ ಸರ್! ನಿಮ್ಮ ಮಗಾನ ಹೇಳಿದನಲ್ಲ, ಟಣ್ ಅಂತ!"

ಅಪ್ಪ ನನ್ನನ್ನು ನೋಡಿದರು. ಬಿಣಗಾದ ಇಳಿಜಾರಿನಲ್ಲಿ ಅಡ್ಡ ಬಂದ ಎಮ್ಮೆಯನ್ನೂ ಅವರು ಹಾಗೆ ನೋಡಿದ್ದಿಲ್ಲ.

ಅಲ್ಲಿಂದ ಬಣ್ಣದ ಮಾತು ಸತ್ತಿತು, ಕಾಯಿಯದ್ದೇ ಮಾತಾಯಿತು. ಚೂರು ಎಷ್ಟು ದೊಡ್ಡದು, ಎಡಕ್ಕೆ ಹಾರಿತೋ ಬಲಕ್ಕೋ, ಮಾಲೆಯ ಮೇಲೆ ಬಿದ್ದಿತೋ ಪಕ್ಕಕ್ಕೋ. ನಾನು ತಿದ್ದಲು ಹೋದಷ್ಟೂ ಚೂರು ದೊಡ್ಡದಾಗುತ್ತ ಹೋಯಿತು. ಕಡೆಗೆ ಮ್ಯಾನೇಜರು ಉದಾರಿಯಾದರು: "ಇರಲಿ ಬಿಡ್ರಿ. ತಪ್ಪು ನಿಮ್ದಾದ್ರೂ ನಾವ ಪುಕ್ಕಟೆ ಬಣ್ಣಾ ಹಚ್ಚಿ ಕೊಡ್ತೀವಿ."

"ನಿಮ್ಮ ಪುಕ್ಕಟೆ ನಂಗೆ ಬೇಡ," ಅಪ್ಪ ಹೇಳಿದರು. "ನಮ್ಮನೆ ಪಕ್ಕದ ಕಂಡಕ್ಟರಿಗೆ ಫೋನ್ ಮಾಡಿ ಹೇಳಿ, ಕಲೆ ಶೋರೂಮಿಂದು ಅಂತ. ಅಲ್ಲಿವರೆಗೆ ಗಾಡಿ ಬಾಗಿಲು ಬಿಟ್ಟು ಕದಲೂದಿಲ್ಲ."

"ಯಾವ ಕಂಡಕ್ಟರ್ ರೀ?"

"ನಂಬರ್ ನಾ ಕೊಡ್ತೆ."

ಅಪ್ಪ ಹೊರಗೆ ಹೋಗಿ ಕಾರಿನ ಡಿಕ್ಕಿಯಿಂದ ಒಣಗಿದ ಮಾಲೆ ತೆಗೆದರು. ರಾತ್ರಿ ತಾನಾಗಿ ಕಳಚಿ ಬಿದ್ದದ್ದನ್ನು ಜೋಪಾನವಾಗಿ ತಂದಿದ್ದರೆಂದು ನನಗೂ ಗೊತ್ತಿರಲಿಲ್ಲ. ಮೊದಲಿನಂತೆಯೇ ಕಲೆಯ ಮೇಲೆ ಹರವಿ ಪಕ್ಕದಲ್ಲಿ ಕೈಕಟ್ಟಿ ನಿಂತರು. ಕಾರು ನೋಡಲು ಒಂದು ಕುಟುಂಬ ಬಂತು. ಅಪ್ಪ ಬಸ್ಸಿನ ಬಾಗಿಲಲ್ಲಿ ನಿಂತವರಿಗೆ ಹೇಳುವ ದನಿಯಲ್ಲಿ, "ಬನ್ನಿ, ಬನ್ನಿ. ಒಳಗೆ ಹೋಗೂ ಮುಂಚೆ ಮಾಲೆ ಎತ್ತಿ ನೋಡ್ಕಂಡು ಹೋಗಿ" ಎಂದರು. ಅವರು ಎತ್ತಿ ನೋಡಿದರು. ಒಳಗೆ ಹೋಗಿ ಮೊದಲು ಮಾಡಿದ್ದು, ಅಲ್ಲಿ ನಿಲ್ಲಿಸಿದ್ದ ಕಾರಿನ ಮಾಲೆ ಎತ್ತಿದ್ದು.

ನನಗೆ ಪ್ರಾಯಶ್ಚಿತ್ತದ ದಾರಿ ಸಿಕ್ಕಿತು. ಮುಂದಿನ ಗಿರಾಕಿ ಬಂದಾಗ ಸೇಲ್ಸ್‌ಮನ್ನಿನ ದನಿ ತೆಗೆದೆ: "ಕಂಗ್ರಾಚುಲೇಶನ್ಸ್ ಸರ್! ಹೂವು ಫ್ರೀ ಸರ್, ಹೂವಿನ ಕೆಳಗಿಂದೂ ಫ್ರೀ ಸರ್!" ಅಪ್ಪ ನಗಲಿಲ್ಲ, ನಿಲ್ಲಿಸು ಎಂದೂ ಹೇಳಲಿಲ್ಲ. ಅವರ ಲೆಕ್ಕದಲ್ಲಿ ಅದು ಶಹಬ್ಬಾಸ್.

ಮ್ಯಾನೇಜರ ನಗುವಿನ ಇಸ್ತ್ರಿ ಹೋಯಿತು. ನಮ್ಮನ್ನು ಒಳಗೆ ಕರೆದು ಕೂಡಿಸಿದರು. ಆಯಿ ಅಷ್ಟು ಹೊತ್ತೂ ಸೋಫಾದ ತುದಿಯಲ್ಲಿ ಕೂತಿದ್ದಳು. ಅವರು ಕೊಟ್ಟ ಚಾ ಮುಟ್ಟಿರಲಿಲ್ಲ. ಅಪ್ಪ ಮಗ ಇಬ್ಬರನ್ನೂ ಬಿಟ್ಟು ಮ್ಯಾನೇಜರು ಅವಳನ್ನು ಹಿಡಿದರು. ಅವಳು ಮೆತ್ತಗಿದ್ದಾಳೆ ಎಂದುಕೊಂಡರು, ಪಾಪ. ಅವಳ ಜೊತೆ ಅವರು ಒಂದು ದಿನವೂ ಬಾಳಿದವರಲ್ಲವಲ್ಲ.

"ಅಕ್ಕಾರ, ನೀವರ ಹೇಳ್ರಿ. ದೇವರ ಮುಂದ ಆದ ಕೆಲಸ. ಕಾಯಿ ಚೂರು ಬಡದದ್ದು ಖರೆ ಹೌದಲ್ರಿ?"

"ಹೌದು, ಬಡೀತು," ಎಂದಳು ಆಯಿ. "ಸುಳ್ಳು ಎಂತಕ್ಕೆ ಹೇಳೂದು."

ಅಪ್ಪ ಕಣ್ಣು ಮುಚ್ಚಿಕೊಂಡರು. ನಾನು ನೆಲ ನೋಡಿದೆ. ಮ್ಯಾನೇಜರು ಅಂಗೈ ಅಗಲಿಸಿ, ಇನ್ನೇನಿದೆ ಎನ್ನುವ ಹಾಗೆ ಎಲ್ಲರನ್ನೂ ನೋಡಿದರು.

ಆಮೇಲೆ ಆದದ್ದನ್ನು ಈಗಲೇ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅವಳ ಮಾತಿನ ನಂತರ ನನ್ನದು ಬಂದರೆ ಸಪ್ಪೆಯಾಗುತ್ತದೆ. ಬಾನೆಟ್ಟನ್ನೇ ಹೊಸದು ಹಾಕಿಸಿ ಕೊಟ್ಟರು. ಅದಕ್ಕೂ ಮೊದಲು, ನಾವು ಅಲ್ಲೇ ಕೂತಿರುವಾಗಲೇ, ಮ್ಯಾನೇಜರು ತಮ್ಮ ಕೈಯಾರೆ ಕಂಡಕ್ಟರ ನಂಬರ್ ಒತ್ತಿ, "ಕಲೆ ನಮ್ದರೀ, ಡ್ರೈವರ್ ಸಾಹೇಬ್ರದಲ್ರೀ" ಎಂದರು. ಆ ದನಿಯನ್ನು ನಾನು ಇಂದಿಗೂ ಮಾಡುತ್ತೇನೆ. ಅಪ್ಪನೇ ಮಾಡಿಸುತ್ತಾರೆ, ನೆಂಟರು ಬಂದಾಗಲೆಲ್ಲ.

ಆಯಿಯ ದನಿ ಮಾತ್ರ ನನಗೆ ಈವರೆಗೂ ಹಿಡಿದಿಲ್ಲ. ಅವಳು ಎದ್ದು ಹೊರಗೆ ಹೋದಳು, ಮಾಲೆ ಸರಿಸಿದಳು, ಬಣ್ಣದಲ್ಲಿ ಅಂಟಿದ್ದ ಆ ಕೂದಲಿನ ಮೇಲೆ ಉಗುರಿಟ್ಟು ಮ್ಯಾನೇಜರನ್ನು ಹತ್ತಿರ ಕರೆದಳು.

"ಪೆಟ್ಟು ಕಾಯಿದೇ ಅಂತ ಇಟ್ಕಳಿ ಸಾಯ್ಬ್ರೇ. ಅದ್ರ ಮೇಲೆ ಬಣ್ಣ ಹಚ್ಚಿದ್ದು ಯಾರು? ನಮ್ಮ ಕಾಯಿಗೆ ಜುಟ್ಟು ಇತ್ತು, ಬ್ರಶ್ ಇರ್ಲಿಲ್ಲ."