ಪ್ರೊಗಿಂತ ಮೇಲೋ, ಕೆಳಗೋ

ಇವತ್ತು ಬೆಳಗ್ಗೆ ಹೆಬ್ಬಾಳದಲ್ಲಿ ಬಸ್ಸು ನಿಂತುಬಿಟ್ಟಿತು. ಅದೇನೂ ಹೊಸತಲ್ಲ ಬಿಡಿ. ಹೊಸತು ಇದ್ದದ್ದು ಕಿಟಕಿಯಾಚೆ, ಬಸ್ ಶೆಲ್ಟರಿನ ಜಾಹೀರಾತಿನಲ್ಲಿ. ಒಂದೇ ಕಂಪನಿಯ ಫೋನುಗಳು ಮದುವೆಮನೆಯ ಗ್ರೂಪ್ ಫೋಟೋಗೆ ನಿಂತವರ ಹಾಗೆ ಸಾಲಾಗಿ ನಿಂತಿದ್ದವು. ಒಂದು ತುದಿಗೆ ಎಲ್ಲಕ್ಕಿಂತ ಅಗ್ಗದ ಲೈಟು, ಇನ್ನೊಂದು ತುದಿಗೆ ಎಲ್ಲಕ್ಕಿಂತ ದುಬಾರಿಯ ಪ್ರೊ, ನಡುವೆ ತಿಳಿ ಹಸಿರು ಬಣ್ಣದ ಹೊಸ ಮಾಡೆಲ್ಲು. ನೋಡಿದ್ದೇ ತಡ, ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬಸ್ಸು ಹೊರಡುವಷ್ಟರಲ್ಲಿ ಅದರ ಪರದೆ, ಬ್ಯಾಟರಿ, ಚಿಪ್ಪು, ಕ್ಯಾಮೆರಾ ಎಲ್ಲದರ ಬಗ್ಗೆ ಓದಿ ಮುಗಿಸಿದ್ದೆ. ಪಿಯುಸಿಯಲ್ಲಿ ಇಷ್ಟು ಶ್ರದ್ಧೆಯಿಂದ ಓದಿದ್ದರೆ ಅಪ್ಪನಿಗೆ ಸಂತೋಷವಾಗುತ್ತಿತ್ತು.

ನೀವು ನಗಬಹುದು. ಆದರೆ ಹೊಸ ಮಾಡೆಲ್ಲು ತನ್ನ ಸಾಲಿನಲ್ಲಿ ಎಲ್ಲಿ ನಿಲ್ಲುತ್ತದೆ ಎನ್ನುವುದು ಕಂಪನಿಗೆ ವ್ಯಾಪಾರವಾದರೆ ನಮ್ಮ ಮನೆಗೆ ಸಂಸಾರ. ಯಲಹಂಕದ ಪುಟ್ಟೇನಹಳ್ಳಿಯಲ್ಲಿ ನಮ್ಮದು ಇನ್ನೂ ಕೂಡು ಕುಟುಂಬ. ತಣಿಸಂದ್ರದಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ಭಾವ, ಅಂದರೆ ನನ್ನ ಗಂಡನ ಅಣ್ಣ, ನಾನು ಅಕ್ಕ ಎಂದು ಕರೆಯುವ ಅವರ ಹೆಂಡತಿ, ನನ್ನವರು, ನಾನು, ಅತ್ತೆ. ಮನೆಗೆ ಹೊಸ ಫೋನು ಬರುವುದು ಆಯುಧಪೂಜೆಗೆ. ಕಾರಿಗೆ ಬೂದುಗುಂಬಳ ಒಡೆದು ಒಳಗೆ ಬಂದರೆ ದೇವರ ಮುಂದಿನ ಮಣೆಯ ಮೇಲೆ ಹಳೆಯ ಫೋನುಗಳೂ ಹೊಸದೂ ಕುಂಕುಮ ಇಟ್ಟುಕೊಂಡು ಕಾಯುತ್ತಿರುತ್ತವೆ. ಮಂಗಳಾರತಿ ಆದ ಮೇಲೆ ಯಾರೂ ತಮ್ಮ ಫೋನನ್ನು ತಾವೇ ಎತ್ತಿಕೊಳ್ಳುವ ಹಾಗಿಲ್ಲ. ಹೊಸದು ಭಾವನಿಗೆ, ಭಾವನದು ನನ್ನವರಿಗೆ, ಅವರದು ಅಕ್ಕನಿಗೆ, ಅಕ್ಕನದು ನನಗೆ. ನನ್ನದು ಡ್ರಾಯರಿಗೆ. ಅತ್ತೆಯದು ಬಟನ್ ಫೋನು. ಅವರಿಗೆ ಇವೆಲ್ಲ ಬೇಡ ಎಂದು ನಾವೇ ತೀರ್ಮಾನಿಸಿದ್ದೆವು.

ಮೂರು ಜನರನ್ನು ದಾಟಿ ಬಂದ ಫೋನು ಹೇಗಿರುತ್ತದೆ ಎಂದು ಕೊನೆಯಲ್ಲಿ ನಿಂತವರಿಗೆ ಮಾತ್ರ ಗೊತ್ತು. ಸ್ಪೀಕರಿನ ಸಂದಿಯಲ್ಲಿ ಟೈಲ್ಸ್ ಧೂಳು. ಭಾವನ ಹೆಬ್ಬೆರಳಿಗೆ ಒಗ್ಗಿ ಒಳಗೆ ಕೂತ ಬಟನ್ನು. ಫೋಟೋ ಹೋಗಿಬಿಡುತ್ತವೆ ಎನ್ನುವ ಹೆದರಿಕೆಗೆ ಯಾರೂ ಏನನ್ನೂ ಅಳಿಸುತ್ತಿರಲಿಲ್ಲವಾದ್ದರಿಂದ ಕೀಬೋರ್ಡಿಗೂ ಅವರವರದೇ ಮಾತು ರೂಢಿಯಾಗಿರುತ್ತಿತ್ತು. ನಾನು ಅಮ್ಮನಿಗೆ ‘ನಾಳೆ’ ಎಂದು ಬರೆಯಲು ಹೊರಟರೆ ‘ಲೋಡ್ ಬರುತ್ತೆ’ ಎಂದು ಅದೇ ಮುಂದುವರಿಸುತ್ತಿತ್ತು. ಒಮ್ಮೆ ನೋಡದೆ ಹಾಗೇ ಕಳಿಸಿ, ಅಮ್ಮ ಗಾಬರಿಯಾಗಿ ಫೋನು ಮಾಡಿದ್ದೂ ಉಂಟು. ನೇರವಾಗಿ ಹೇಳಿಬಿಡುತ್ತೇನೆ: ನನಗೆ ಯಾರೂ ಮುಟ್ಟದ ಒಂದು ಫೋನು ಬೇಕಿತ್ತು. ಚಿನ್ನ, ಸೀರೆ ಯಾವುದಕ್ಕೂ ನಾನು ಅಷ್ಟು ಆಸೆಪಟ್ಟವಳಲ್ಲ.

ಕೆಲವು ವರ್ಷಗಳ ಹಿಂದಿನ ಆಯುಧಪೂಜೆಯಲ್ಲಿ ಆದದ್ದು ಇದು. ಅಂಗಡಿಯ ಗಡಿಬಿಡಿಯಲ್ಲಿ ಭಾವ, ಹೊಸದು ಎಂದರೆ ಎಲ್ಲಕ್ಕಿಂತ ಮೇಲಿನದೇ ಇರಬೇಕೆಂದುಕೊಂಡು, ಪ್ರೊ ಬಿಟ್ಟು ಅದರ ಕೆಳಗಿನ ಮಾಡೆಲ್ಲು ತಂದಿದ್ದರು. ಆರತಿಯಾಯಿತು. ಭಾವ ಹೊಸ ಫೋನನ್ನು ಎತ್ತಿ, ತಿರುಗಿಸಿ ಹಿಂದಿನ ಕ್ಯಾಮೆರಾಗಳನ್ನು ನೋಡಿದರು.

“ಏನೋ ಇದು, ಎರಡೇ ಕಣ್ಣು? ನನ್ ಹಳೇದ್ರಲ್ಲೇ ಮೂರೈತಲ್ಲೋ!”

“ನಿಂದು ಪ್ರೊ ಅಣ್ಣ,” ಎಂದರು ನನ್ನವರು. “ಇದು ಈ ವರ್ಷದ್ದೇ, ಆದ್ರೆ ಸಾಲಲ್ಲಿ ಪ್ರೊಗಿಂತ ಕೆಳಗೆ.”

“ಅಂಗಾದ್ರೆ ನಾನ್ಯಾಕ್ ಕೆಳಗಿಳೀಲಿ? ನೀನೇ ಮಡಿಕೋ.”

“ನಂದೂ ಪ್ರೊನೇ ಅಲ್ವಾ? ಹಳೇದಾದ್ರೂ ಪ್ರೊ ಪ್ರೊನೇ.”

ಫೋನು ಅಕ್ಕನ ಕೈಗೆ ಬಂತು. ಅವರೂ ಬೇಡವೆಂದರೆ ಮುಂದಿನ ಸರದಿ ನನ್ನದು. ಅದರ ಚಿಪ್ಪು ಮನೆಯಲ್ಲಿದ್ದ ಯಾವ ಪ್ರೊಗಿಂತಲೂ ಚುರುಕು, ಬ್ಯಾಟರಿಯೂ ಹೆಚ್ಚು ಎಂದು ನಾನಾಗಲೇ ಓದಿಕೊಂಡಿದ್ದೆ. ಆದರೆ ಕೇಳದೆ ಹೇಳುವುದು ಸೊಸೆಯರಿಗೆ ಒಪ್ಪುವುದಿಲ್ಲ ನೋಡಿ. ಆ ಹೊತ್ತಿಗೆ ನನ್ನಷ್ಟು ಮರ್ಯಾದಸ್ಥ ಸೊಸೆ ಯಲಹಂಕದಲ್ಲೇ ಇರಲಿಲ್ಲ. ಅಕ್ಕ ಅದನ್ನು ಬೆಳಕಿಗೆ ಹಿಡಿದರು, ಕೆನ್ನೆಗೆ ಒತ್ತಿಕೊಂಡರು, ಕನ್ನಡಿಯ ಮುಂದೆ ನಿಂತು ಸೆಲ್ಫಿ ತೆಗೆಯುವ ಹಾಗೆ ಎತ್ತಿಯೂ ನೋಡಿದರು. ಸಾಕು ಬಿಡಿ ಎನ್ನಲಾಗದೆ ನಾನು ಹುಸಿಕೆಮ್ಮು ಕೆಮ್ಮಿದೆ.

“ಮದ್ವೆ ಮನೇಲಿ ಎಲ್ರೂ ನೋಡೋದೇ ಫೋನಿನ ಬೆನ್ನು ಕಣೆ. ಎರಡು ಕಣ್ಣಿಂದು ನಂಗ್ಬೇಡ, ನೀನ್ ತಗೊಳೇ,” ಎಂದರು.

ತಗೊಂಡೆ! ಕೋಣೆಗೆ ಓಡಿ ಬಾಗಿಲು ಹಾಕಿಕೊಂಡು ಪರದೆಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಮೂಲೆಯಿಂದ ನಿಧಾನವಾಗಿ ಸುಲಿದೆ. ಆ ಸದ್ದು, ಆ ಹೊಸ ವಾಸನೆ! ‘ನಾಳೆ’ ಎಂದು ಬರೆದು ನೋಡಿದೆ. ಲೋಡಿನ ಸುದ್ದಿಯೇ ಇಲ್ಲ. ಸಂತೋಷಕ್ಕೆ ಮಂಚದ ಮೇಲೆ ಕುಣಿದುಬಿಟ್ಟೆ. ಆಮೇಲಿನ ಆಯುಧಪೂಜೆಗಳಲ್ಲಿ ಪ್ರೊಗಳು ಮತ್ತೆ ಮೇಲಿನಿಂದ ಕೆಳಗೆ ಇಳಿದು ಬಂದವು. ನಾನು ಮಾತ್ರ ನನ್ನದನ್ನು ಬಿಡಲಿಲ್ಲ.

ಈಗ ಅದಕ್ಕೂ ವಯಸ್ಸಾಗಿದೆ, ಮಧ್ಯಾಹ್ನದ ಹೊತ್ತಿಗೇ ಚಾರ್ಜು ಕೇಳುತ್ತದೆ. ಅದಕ್ಕೇ ಬೆಳಗ್ಗೆ ಬಸ್ಸಿನಲ್ಲಿ ಆ ಸಂಭ್ರಮ. ಸಂಜೆ ಮನೆಗೆ ಬಂದು ಅತ್ತೆಯ ಜೊತೆ ಹುರುಳಿಕಾಯಿ ಮುರಿಯುತ್ತಾ ಕೂತಿದ್ದೆ. ಅಂಗಡಿಯಿಂದ ಭಾವನ ಕರೆ ಬಂತು. ಕೈ ಒದ್ದೆಯೆಂದು ಸ್ಪೀಕರಿಗೆ ಹಾಕಿದೆ.

“ಏನಮ್ಮಾ, ಹಬ್ಬ ಬಂತು. ನೀನು ಇವನ್ನೆಲ್ಲ ಓದ್ಕೊಂಡಿರ್ತೀಯ. ಆ ಹಸಿರು ಮಾಡೆಲ್ಲು ನನ್ ಪ್ರೊಗಿಂತ ಮೇಲೋ, ಕೆಳಗೋ?”

“ಕೆಳಗೆ ಭಾವ,” ಎಂದೆ. ನನ್ನ ಖುಷಿ ಅತ್ತೆಗೆ ಕಾಣದಿರಲೆಂದು ಹುರುಳಿಕಾಯಿಯ ಕಡೆ ನೋಡಿದೆ. “ಕಣ್ಣು ಎರಡೇ.”

“ಅಂಗಾದ್ರೆ ನಮಗ್ಯಾರಿಗೂ ಬ್ಯಾಡ. ನಿಂಗೇ ತರ್ಲಾ?”

ಬಾಯಲ್ಲಿ ಹೂಂ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಪಕ್ಕದಲ್ಲಿ ಕಾಯಿ ಮುರಿಯುವ ಸದ್ದು ನಿಂತಿತು.

“ಆವತ್ತು ನಿಂಗೂ ಬ್ಯಾಡ ಅಂದಿದ್ರೆ ನನ್ ತಾವ ಬತ್ತಿತ್ತೇನೇ ಅದು?” ಎಂದರು ಅತ್ತೆ, ತಲೆ ಎತ್ತದೆ.

ಅಷ್ಟು ವರ್ಷ ಅವರೂ ಅದೇ ಮಣೆಯ ಮುಂದೆ, ನನ್ನ ಹಿಂದೆಯೇ ನಿಂತು ಆರತಿ ತೆಗೆದುಕೊಂಡಿದ್ದರು. ಆ ಹಸಿರು ಫೋನು ನನ್ನದಕ್ಕಿಂತ ಎಷ್ಟು ಮೇಲೆಂದು ನನಗೆ ಬೆಳಗ್ಗಿನಿಂದ ಬಾಯಿಪಾಠವಾಗಿತ್ತು.

“ಭಾವ, ಒಂದ್ನಿಮಿಷ,” ಎಂದೆ. “ಅದು ನನ್ ಫೋನಿಗಿಂತಾನೂ ಕೆಳಗೇ. ನಂಗೂ ಬೇಡ. ಅತ್ತೆಗೆ ತನ್ನಿ.”

ಅತ್ತೆ ಫೋನಿನ ಹತ್ತಿರಕ್ಕೆ ಬಗ್ಗಿ, ಆಚೆ ಊರಿಗೆ ಕೇಳುವಷ್ಟು ಜೋರಾಗಿ ಕೂಗಿದರು:

“ಅಸ್ರು ಬಣ್ಣದ್ದೇ ತತ್ತಾ ಕಣಪ್ಪಾ!”