ಎರಡು ಕೈಯಿಂದ ಕೊಟ್ಟ ಪರ್ವತ

ಕೆಲವು ತಿಂಗಳ ಮಟ್ಟಿಗೆ ನಮ್ಮ ಮನೆಯ ದೇವರ ಜಗುಲಿಯ ಮೇಲೆ ಅಮೆರಿಕದ ಒಂದು ಪರ್ವತವಿತ್ತು. ಅದು ಅಲ್ಲಿಗೆ ಹೇಗೆ ಬಂತು, ಹೇಗೆ ಹೋಯಿತು ಎಂಬುದನ್ನು ನಾನು ಕ್ರಮವಾಗಿ ಹೇಳಬಲ್ಲೆ. ಅದು ಯಾರದಾಗಿತ್ತು ಎಂಬುದು ಮಾತ್ರ ಇವತ್ತಿಗೂ ಬಗೆಹರಿದಿಲ್ಲ.

ಕ್ರಮ ನನಗೆ ಧಾರವಾಡದ ಹೆಣ್ಣುಮಕ್ಕಳ ಬೋರ್ಡಿಂಗಿನಲ್ಲಿ ಅಂಟಿದ ಅಭ್ಯಾಸ. ಅಲ್ಲಿ ಏಳಲು ಗಂಟೆ, ಉಣ್ಣಲು ಗಂಟೆ, ಹಾಸಿಗೆ ಸುತ್ತಿಡಲೂ ಗಂಟೆ. ಮದುವೆಯಾಗಿ ದಾಂಡೇಲಿಗೆ ಬಂದಾಗ ಗಂಟೆಯ ಜಾಗಕ್ಕೆ ಕಾಗದದ ಮಿಲ್ಲಿನ ಭೋಂಗಾ ಬಂತು. ಪಾಳಿ ಬದಲಾಗುವ ಹೊತ್ತಿಗೆ ಅದು ಕೂಗಿದರೆ ಕಾಳಿ ಹೊಳೆಯ ಆಚೆಗೂ ಕೇಳುತ್ತಿತ್ತು. ಅದು ಕೂಗುವುದರೊಳಗೆ ನನ್ನ ರೊಟ್ಟಿ ಬುಟ್ಟಿಯಲ್ಲಿರುತ್ತಿದ್ದವು. ಒಂದು ಬಗೆಯ ನೆಮ್ಮದಿಯ ಬದುಕು ಅದು, ಯಾವಾಗ ಏನು ಮಾಡಬೇಕೆಂಬುದು ಗೊತ್ತಿತ್ತು.

ಗೊತ್ತಿಲ್ಲದ್ದು ಒಂದೇ. ನನ್ನ ಯಜಮಾನರು ಮಿಲ್ಲಿನಲ್ಲಿ ಫಿಟ್ಟರ್, ಆದರೆ ತಾತ್ಪೂರ್ತಿಕ. ಹೊಸ ಯಂತ್ರವೊಂದನ್ನು ನಿಲ್ಲಿಸುವ ಕೆಲಸಕ್ಕೆ ತೆಗೆದುಕೊಂಡಿದ್ದರು. ಯಂತ್ರ ಓಡತೊಡಗಿದ ಮೇಲೆ ಕೆಲವರನ್ನು ಮಾತ್ರ ಖಾಯಂ ಮಾಡುತ್ತಾರೆ, ಯಾರನ್ನು ಎಂಬಲ್ಲಿ ಅಮೆರಿಕದ ಸಾಹೇಬರ ಮಾತು ನಡೆಯುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಯಂತ್ರದ ಜೊತೆಗೇ ಬಂದಿದ್ದ ಎಂಜಿನಿಯರು ಅವರು. ಖಾಯಂ ಆಗದಿದ್ದರೆ ನಾನು, ಯಜಮಾನರು, ಅತ್ತೆ ಮೂವರೂ ಗಂಟು ಕಟ್ಟಿಕೊಂಡು ಹಳ್ಳಿಗೆ ಹೋಗಿ ಮೈದುನನ ಮನೆಯ ಪಡಸಾಲೆಯಲ್ಲಿ ಇರಬೇಕಿತ್ತು. ಆ ಮೈದುನನ ಹೆಂಡತಿಗೂ ನಮ್ಮ ಅತ್ತೆಗೂ ಮಾತಿರಲಿಲ್ಲ.

ಅರವತ್ತರ ದಶಕದ ಕೊನೆಯ ಒಂದು ಬೇಸಿಗೆ. ಸಾಹೇಬರು ರಜೆಯ ಮೇಲೆ ತಮ್ಮ ದೇಶಕ್ಕೆ ಹೊರಟರು. ಹೊರಡುವ ದಿನ ಯಜಮಾನರನ್ನು ಗೆಸ್ಟ್ ಹೌಸಿಗೆ ಕರೆದು ಕಟ್ಟಿಗೆಯ ಒಂದು ಪೆಟ್ಟಿಗೆ ಕೊಟ್ಟರಂತೆ. ಏನೋ ಹೇಳಿದರಂತೆ, ಭುಜ ತಟ್ಟಿ ನಕ್ಕರಂತೆ. ಯಜಮಾನರಿಗೆ ಇಂಗ್ಲಿಷಿನಲ್ಲಿ ಸ್ಪ್ಯಾನರು, ಬೋಲ್ಟು, ಟೈಟು, ಲೂಸು ಇಷ್ಟೇ ಗೊತ್ತು. ಇವೇನೂ ಆ ಮಾತಿನಲ್ಲಿ ಬರಲಿಲ್ಲ.

"ಇಟ್ಕೋ ಅಂದ್ರೋ, ನೋಡಿ ಕೊಡು ಅಂದ್ರೋ?" ನಾನು ಕೇಳಿದೆ.

"ನನಗೇನ್ ಗೊತ್ತು? ಕೊಟ್ರು, ತಗೊಂಡೆ."

ಅತ್ತೆ ಒಲೆಯ ಮುಂದಿನಿಂದಲೇ ಕೇಳಿದರು, "ಒಂದ ಕೈಲೆ ಕೊಟ್ರೋ, ಎರಡೂ ಕೈಲೆ ಕೊಟ್ರೋ?"

"ಎರಡೂ ಕೈಲೆ."

"ಮತ್ತೇನು? ಒಂದ ಕೈಲೆ ಕೊಟ್ರ ಎರವು. ಎರಡೂ ಕೈಲೆ ಕೊಟ್ಟಿದ್ದನ್ನ ಯಾರೂ ತಿರುಗಿ ಕೇಳೂದಿಲ್ಲ. ತೆಗೀರಿ, ಏನೈತಿ ನೋಡೂಣು."

ಪೆಟ್ಟಿಗೆ ಭಾರವಿದ್ದುದರಿಂದ ಎರಡು ಕೈ ಬೇಕಾಯಿತೇನೋ ಎಂಬ ಯೋಚನೆ ಆಗ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಒಳಗೆ ದಪ್ಪ ರಟ್ಟಿನ ಹಳೆಯ ಚಿತ್ರಗಳಿದ್ದವು, ಚಹಾದ ಬಣ್ಣಕ್ಕೆ ತಿರುಗಿದ್ದವು. ಪ್ರತಿ ರಟ್ಟಿನ ಕೆಳಗೂ ಸಣ್ಣ ಅಕ್ಷರ. ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ: ಕೊಲೊರಾಡೊ. ಬಂಡೆಯ ಅಂಚಿನಲ್ಲಿ ಹೋಗುವ ರೈಲು. ಟೊಪ್ಪಿಗೆಗೆ ದೀಪ ಸಿಕ್ಕಿಸಿಕೊಂಡು ಸಾಲಾಗಿ ನಿಂತ ಗಣಿಯ ಆಳುಗಳು, ಒಬ್ಬನ ಮುಖದಲ್ಲೂ ನಗುವಿಲ್ಲ. ಹಿಮದಲ್ಲಿ ಅರ್ಧ ಹೂತ ಕಟ್ಟಿಗೆಯ ಅಂಗಡಿಗಳು. ಮತ್ತೊಂದು ಚಿತ್ರದಲ್ಲಿ ಹಿಂದೆ ದೊಡ್ಡ ಹಿಮದ ಬೆಟ್ಟ, ಮುಂದೆ ತೊಗಲಿನ ಡೇರೆ, ಡೇರೆಯ ಪಕ್ಕ ಎರಡು ಜಡೆಯ ಒಬ್ಬ ಹೆಂಗಸು, ಮೈತುಂಬ ಕಂಬಳಿ ಹೊದ್ದವಳು.

ನಮ್ಮನ್ನು ಗೊಂದಲಕ್ಕೆ ಕೆಡವಿದ್ದು ಬೇರೆ. ಒಂದೊಂದು ರಟ್ಟಿನ ಮೇಲೂ ಅದೇ ಚಿತ್ರ ಎರಡು ಸಲ, ಅಕ್ಕಪಕ್ಕ. ರೈಲೂ ಎರಡು, ಬೆಟ್ಟವೂ ಎರಡು.

ಯಜಮಾನರಿಗೆ ಕೂಡಲೇ ಹೊಳೆಯಿತು. ಹಳಿಯಾಳದ ಫೋಟೋ ಸ್ಟುಡಿಯೋದವನು ನಮ್ಮ ಮದುವೆಯ ಫೋಟೋ ಹೀಗೇ ಜೋಡಿಯಾಗಿ ತೆಗೆದುಕೊಟ್ಟಿದ್ದ. ಕತ್ತರಿಸಿ ಒಂದನ್ನು ನಾವಿಟ್ಟುಕೊಂಡು ಒಂದನ್ನು ನನ್ನ ತವರಿಗೆ ಕಳಿಸಿದ್ದೆವು. "ಒಂದು ಇಟ್ಕೊಳ್ಳಾಕ, ಒಂದು ಕೊಡಾಕ," ಎಂದು ಉಕ್ಕಿನ ಪಟ್ಟಿ ಇಟ್ಟು ಬ್ಲೇಡಿನಿಂದ ಎಲ್ಲವನ್ನೂ ಸರಿಯಾಗಿ ನಡುವಿಗೆ ಕತ್ತರಿಸಿದರು. ಫಿಟ್ಟರ್ ಕೈ, ಕೂದಲಿನಷ್ಟೂ ಸೊಟ್ಟ ಬರಲಿಲ್ಲ. ನಾನು ಎರಡು ಕಟ್ಟು ಮಾಡಿ ದಾರ ಸುತ್ತಿದೆ. ಆಗಲೇ ಡೇರೆಯ ಚಿತ್ರದಲ್ಲಿ ಒಂದು ವಿಚಿತ್ರ ಕಂಡಿತು. ಒಂದು ತುಂಡಿನಲ್ಲಿ ಹೆಂಗಸಿನ ಭುಜ ಡೇರೆಗೆ ತಾಗಿತ್ತು, ಇನ್ನೊಂದರಲ್ಲಿ ಸಣ್ಣ ಸಂದು.

"ಏನ್ರಿ, ಇವೆರಡೂ ಒಂದಽ ಅಲ್ಲ, ನೋಡ್ರಿ."

"ಛಾಪಿಸಿದವನ ತಪ್ಪು," ಎಂದರು.

ಆ ಚಿತ್ರದ ಒಂದು ತುಂಡನ್ನು ಅತ್ತೆ ನನ್ನ ಕೈಯಿಂದ ಇಸಿದುಕೊಂಡು ಜಗುಲಿಯ ಮೇಲೆ ಇಟ್ಟೇಬಿಟ್ಟರು. ಅವರ ಲೆಕ್ಕಕ್ಕೆ ಹಿಮದ ಬೆಟ್ಟ ಅಂದರೆ ಕೈಲಾಸ, ಮುಂದೆ ನಿಂತವಳು ಪಾರ್ವತಿ. ಕೊಲೊರಾಡೊ ಎಂದು ಬರೆದಿದೆ ಎಂದೆ.

"ಅದು ಸಾಹೇಬ್ರ ಭಾಷಾದಾಗ. ಅವರು ದಾಂಡೇಲಿಗೂ ಏನೇನೋ ಅಂತಾರ," ಎಂದರು. ಸೋಮವಾರಕ್ಕೊಮ್ಮೆ ಪತ್ರಿ ಏರತೊಡಗಿತು, ಬೆಟ್ಟದ ನೆತ್ತಿಗೆ ಕುಂಕುಮ.

ದೀಪಾವಳಿ ಮುಗಿದು ಚಳಿ ಬಿದ್ದಾಗ ಮುಂಡಗೋಡದ ಟಿಬೆಟನ್ ಕಾಲೊನಿಯ ಹೆಂಗಸೊಬ್ಬಳು ನಮ್ಮ ಸಾಲುಮನೆಗಳಿಗೆ ಸ್ವೆಟರ್ ಮಾರಲು ಬಂದಳು. ಅವರೆಲ್ಲ ಈ ಕಡೆ ಬಂದು ಬಹಳ ದಿನವಾಗಿರಲಿಲ್ಲ. ನೀರು ಕೇಳಿ ಒಳಗೆ ಬಂದವಳ ಕಣ್ಣು ಜಗುಲಿಯ ಮೇಲೆ ಬಿತ್ತು. ಗಂಟನ್ನು ಅಲ್ಲೇ ಬಿಟ್ಟು ಕೂತಳು. ಮುರುಕು ಹಿಂದಿಯಲ್ಲಿ, ಇದು ನಮ್ಮ ಬೆಟ್ಟ, ಇದು ನಮ್ಮ ಜನ, ಎಂದಳು. ತನ್ನ ಜಡೆಯನ್ನೇ ಎತ್ತಿ ತೋರಿಸಿದಳು. ಅವಳ ಮುಖವೂ ಚಿತ್ರದವಳ ಮುಖವೂ ಅಕ್ಕತಂಗಿಯರ ಹಾಗಿದ್ದವು, ಅದನ್ನು ಇಲ್ಲವೆನ್ನಲಾರೆ.

ನಾನು ಮತ್ತೆ ಅಕ್ಷರ ತೋರಿಸಿದೆ. ಅವಳು ಅಕ್ಷರ ನೋಡಲಿಲ್ಲ.

"ಕೊಡವಾ ಆಕಿಗೊಂದು," ಎಂದರು ಅತ್ತೆ. "ಎರಡ್ ಅದಾವಲ್ಲ. ಕೈಲಾಸ ಏನ್ ನಮ್ಮೊಬ್ಬರದಾ?" ಎರಡನೆಯ ತುಂಡನ್ನು ತಾವೇ ಎರಡೂ ಕೈಯಿಂದ ಕೊಟ್ಟರು.

ಸಂಕ್ರಾಂತಿ ಆದ ಮೇಲೆ ಸಾಹೇಬರು ಮರಳಿದರು. ಎರಡನೆಯ ದಿನವೇ ಯಜಮಾನರು ಮುಖ ಇಳಿಬಿಟ್ಟುಕೊಂಡು ಮನೆಗೆ ಬಂದರು. ಸಾಹೇಬರು ಗಾಳಿಯಲ್ಲಿ ಚೌಕ ಬರೆದು ತೋರಿಸಿದರಂತೆ, ಆಮೇಲೆ ಎರಡೂ ಮುಷ್ಟಿ ಕಣ್ಣಿಗೆ ಹಚ್ಚಿಕೊಂಡರಂತೆ. ಚೌಕ ಅಂದರೆ ಪೆಟ್ಟಿಗೆ, ಅದು ತಿಳಿಯಿತು. ಮುಷ್ಟಿಯ ಅರ್ಥ ತಿಳಿಯಲಿಲ್ಲ.

"ಕೇಳಾಕತ್ತಾರ. ಐತವಾರ ಒಯ್ದು ಕೊಡ್ಬೇಕು," ಎಂದರು. "ಯಂತ್ರ ಈ ತಿಂಗಳ ಓಡ್ತೈತಿ. ಖಾಯಂ ಆಗೋರ ಹೆಸರು ಹೇಳೂ ಹೊತ್ತಿಗೆ ಅವರ ಚಿತ್ರ ನಾ ಕತ್ತರಿಸಿ ಕುಂತೇನಿ."

ಮನೆಯಲ್ಲಿದ್ದ ತುಂಡುಗಳನ್ನೆಲ್ಲ ಮೈದಾ ಅಂಟು ಕುದಿಸಿ ಹೊಸ ರಟ್ಟಿನ ಮೇಲೆ ಜೋಡಿ ಜೋಡಿಯಾಗಿ ಹಚ್ಚಿದೆ. ಎಡ ಯಾವುದು, ಬಲ ಯಾವುದು ಎಂಬ ಪ್ರಶ್ನೆಯೇ ನಮಗೆ ಏಳಲಿಲ್ಲ. ಉಳಿದದ್ದು ಆ ಒಂದು ಬೆಟ್ಟ. ಅರ್ಧ ಜಗುಲಿಯ ಮೇಲೆ, ಅರ್ಧ ಮುಂಡಗೋಡದಲ್ಲಿ.

ಯಜಮಾನರಿಗೆ ರಜೆ ಸಿಗುವಂತಿರಲಿಲ್ಲ. ನಾನೇ ಮೊದಲ ಬಸ್ಸಿಗೆ ಹಳಿಯಾಳಕ್ಕೆ ಹೋಗಿ ಅಲ್ಲಿಂದ ಬಸ್ಸು ಬದಲಿಸಿ ಮುಂಡಗೋಡ ಸೇರಿದೆ. ಕಾಲೊನಿಯಲ್ಲಿ ಸಾಲು ಮನೆಗಳು, ಅಂಗಳದಲ್ಲಿ ಗೋವಿನಜೋಳದ ತೆನೆ, ಹಗ್ಗದ ಮೇಲೆ ಬಣ್ಣದ ಬಟ್ಟೆಯ ತುಂಡುಗಳು. ಸ್ವೆಟರಿನವಳು ನನ್ನನ್ನು ದೂರದಿಂದಲೇ ಗುರುತಿಸಿ ಕೈ ಹಿಡಿದು ಒಳಗೆ ಒಯ್ದಳು. ಚಿತ್ರ ಒಂದು ಹಲಗೆಯ ಮೇಲಿತ್ತು, ಮುಂದೆ ದೀಪ. ಒಂದು ಮೂಲೆಗೆ ಮಸಿ ಹಿಡಿದಿತ್ತು. ಕೆಳಗೆ ಅವಳ ತಾಯಿ ಜಪಮಾಲೆ ತಿರುಗಿಸುತ್ತ ಕೂತಿದ್ದಳು, ಕಣ್ಣುಗಳಲ್ಲಿ ಬಿಳಿ ಪೊರೆ.

ಬಂದ ಕೆಲಸವನ್ನು ನಾನು ಯಾವಾಗಲೂ ಮೊದಲು ಹೇಳುವವಳು. ಸಾಹೇಬ, ವಾಪಸ್, ಗಂಡನ ನೌಕರಿ ಎಂದು ಹಿಂದಿಯಲ್ಲಿ ಹೇಳಿದೆ. ತಾಯಿ ಮಗಳು ತಮ್ಮ ಭಾಷೆಯಲ್ಲಿ ಮಾತಾಡಿಕೊಂಡರು. ಮಗಳು ಚಿತ್ರ ತೆಗೆದು ತಾಯಿಯ ಹಣೆಗೆ ಮುಟ್ಟಿಸಿ ನನ್ನ ಕೈಯಲ್ಲಿಟ್ಟಳು. ಆಮೇಲೆ ಖಾಲಿ ಹಲಗೆಯ ಕಡೆ ಬೆರಳು ಮಾಡಿ ಏನೋ ಕೇಳಿದಳು. ನಾನು ತಲೆ ಆಡಿಸಿದೆ. ತಿಳಿಯಿತು ಎಂದು ಆಡಿಸಿದೆನೋ, ತಂದು ಕೊಡುತ್ತೇನೆಂದು ಆಡಿಸಿದೆನೋ, ನನಗೇ ಸ್ಪಷ್ಟವಿರಲಿಲ್ಲ.

ಇತ್ತ ಅತ್ತೆ ತಮ್ಮ ಅರ್ಧ ಕೊಡಲು ಒಪ್ಪಲಿಲ್ಲ.

"ದೇವರನ್ನ ಕ್ಯಾಲೆಂಡರ್ ಹರದಂಗ ಹರದ್ ಕೊಡಾಕ ಬರೂದಿಲ್ಲ. ಸೋಮವಾರ ಉತ್ತರ ಪೂಜಿ ಮಾಡಿ ಕಳಸ್ತೀನಿ."

"ಯವ್ವಾ, ಐತವಾರ ಕೊಡ್ಬೇಕು. ನನ್ನ ನೌಕರಿ ಐತಿ ಅದರಾಗ."

"ಅದಕ್ಕಽ ಹೇಳ್ತೀನಿ. ದೇವರನ್ನ ಸಿಟ್ಟಿಗೆಬ್ಬಿಸಿ ನೌಕರಿ ಹೆಂಗ ಉಳಿಸ್ಕೋತಿ?"

"ಅದು ಅಮೆರಿಕಾದ ಗುಡ್ಡ ಯವ್ವಾ!"

"ಹೌದಪಾ, ನಿನಗ ಗುಡ್ಡ ಕಾಣ್ತೈತಿ. ಪತ್ರಿ ಏರಿಸಿದಾಕಿ ನಾನು."

ಕೊನೆಗೆ ಐತವಾರ ಬೆಳಿಗ್ಗೆಯೇ ಉತ್ತರ ಪೂಜೆ ನಡೆಯಿತು. ಗಣಪತಿಯನ್ನು ಕಳಿಸುವಂತೆ ಮೊಸರನ್ನದ ನೈವೇದ್ಯ, ಅಕ್ಷತೆ. "ಹೋಗಿ ಬಾರಪಾ, ನಮ್ಮ ಹುಡುಗನ್ನ ಕಾಯಿ," ಎಂದು ಚಿತ್ರವನ್ನು ಮೂರು ಸಲ ಅಲುಗಿಸಿ ನನಗೆ ಕೊಟ್ಟರು. ಕುಂಕುಮವನ್ನು ಒದ್ದೆ ಬಟ್ಟೆಯಿಂದ ಒರೆಸಿದೆ, ಹೋಗಲಿಲ್ಲ. ಮಸಿಯೂ ಹೋಗಲಿಲ್ಲ. ಹಾಗೇ ಜೋಡಿಸಿ ಹಚ್ಚಿದೆ.

ನನಗೆ ನಾಲ್ಕಕ್ಷರ ಇಂಗ್ಲಿಷ್ ಬರುತ್ತದೆಂದು ಯಜಮಾನರು ನನ್ನನ್ನೂ ಕರೆದುಕೊಂಡರು. ಅತ್ತೆ ತಾವಾಗಿಯೇ ಹೊರಟರು. "ಕೊಟ್ಟ ಮ್ಯಾಲ ಕೇಳಾಂವ ಹೆಂತಾಂವ, ನೋಡ್ಬೇಕು," ಎಂದರು.

ಸಾಹೇಬರು ಗೆಸ್ಟ್ ಹೌಸಿನ ವರಾಂಡದಲ್ಲಿದ್ದರು. ಮೇಜಿನ ಮೇಲೆ ಹಿಡಿಕೆಯುಳ್ಳ ಒಂದು ಕಟ್ಟಿಗೆಯ ಸಾಧನ, ಅದಕ್ಕೆ ಎರಡು ಗಾಜಿನ ಕಣ್ಣು. ಪೆಟ್ಟಿಗೆ ತೆರೆದರು. ನಡುವಿನ ಗೀರು ನೋಡಿ ಯಜಮಾನರ ಮುಖ ನೋಡಿದರು. ಯಜಮಾನರು ನೆಲ ನೋಡಿದರು. ಸಾಹೇಬರು ಗಣಿಯ ಆಳುಗಳ ರಟ್ಟನ್ನು ಸಾಧನಕ್ಕೆ ಸಿಕ್ಕಿಸಿ ಕಣ್ಣಿಗೆ ಹಿಡಿದು ಥಟ್ಟನೆ ಹಿಂದೆ ಸರಿದರು. ಕರೆದು ನನಗೂ ತೋರಿಸಿದರು. ಹಿಂದಿನ ಬಂಡೆ ಮುಂದೆ ಬಂದಿತ್ತು, ಮುಂದೆ ನಿಂತ ಆಳುಗಳು ಅದರ ಹಿಂದೆ ಹೂತುಹೋಗಿದ್ದರು. ಎಡಬಲ ಅದಲುಬದಲಾದರೆ ಹೀಗಾಗುತ್ತದೆಂದು ಆಗ ಗೊತ್ತಾಯಿತು. ಚಿತ್ರಗಳು ಎರಡೆರಡು ಯಾಕಿದ್ದವು, ಮುಷ್ಟಿಗಳು ಕಣ್ಣಿಗೆ ಯಾಕೆ ಹೋದವು ಎಂಬುದೂ ಗೊತ್ತಾಯಿತು. ಒಂದು ಎಡಗಣ್ಣಿಗೆ, ಒಂದು ಬಲಗಣ್ಣಿಗೆ, ಎರಡೂ ಕೂಡಿದರೆ ಚಿತ್ರದೊಳಗೆ ದೂರ ಹತ್ತಿರ ಕಾಣುತ್ತದೆ. ನಾವು ಕತ್ತರಿಸಿದ್ದು ಒಂದು ಕಣ್ಣಿನಿಂದ ಇನ್ನೊಂದು ಕಣ್ಣನ್ನು.

ಆಮೇಲೆ ಅವರು ಬೆಟ್ಟದ ರಟ್ಟು ಇಟ್ಟರು. ಅದನ್ನು ಬಹಳ ಹೊತ್ತು ನೋಡಿದರು. ಸಾಧನವನ್ನು ಅತ್ತೆಯ ಕೈಗೆ ಕೊಟ್ಟರು.

"ಅಯ್ಯ ನಮ್ಮಪ್ಪನ! ಒಳಗ ಜಾಗಾ ಐತಿ ಇದರಾಗ!" ಅತ್ತೆ ಕೂಗಿದರು.

ನಾನೂ ನೋಡಿದೆ. ಇದನ್ನು ಮಾತ್ರ ಅದೃಷ್ಟಕ್ಕೆ ಸರಿಯಾಗಿ ಹಚ್ಚಿದ್ದೆ. ಬೆಟ್ಟ ದೂರ, ಬಹಳ ದೂರ. ಡೇರೆ ಮುಂದೆ. ಹೆಂಗಸು ಕೈಗೆ ಸಿಗುವಷ್ಟು ಹತ್ತಿರ, ಅವಳ ಭುಜಕ್ಕೂ ಡೇರೆಗೂ ನಡುವೆ ಗಾಳಿ. ಬೆಟ್ಟದ ತಲೆಯ ಹತ್ತಿರ ಕುಂಕುಮ ಒಂದು ಕೆಂಪು ಚುಕ್ಕೆಯಾಗಿ ತೂಗುತ್ತಿತ್ತು. ಬೆಟ್ಟಕ್ಕೆ ಅಂಟಿರಲಿಲ್ಲ, ಬಿಟ್ಟೂ ಇರಲಿಲ್ಲ, ನಿಂತಲ್ಲೇ ಮಿನುಗುತ್ತಿತ್ತು. ಒಂದು ಕಣ್ಣಿಗಿದ್ದದ್ದು ಇನ್ನೊಂದಕ್ಕಿಲ್ಲವಲ್ಲ.

ಸಾಹೇಬರು ಕೆಂಪು ಚುಕ್ಕೆಗೆ ಬೆರಳು ಮಾಡಿ ಕೇಳಿದರು. ನಾನು ಅತ್ತೆಯನ್ನು ತೋರಿಸಿ "ಗಾಡ್" ಎಂದೆ. ಮಸಿಯನ್ನು ತೋರಿಸಿದರು. ಅದಕ್ಕೂ "ಗಾಡ್" ಎಂದೆ, ಬೇರೆ ಶಬ್ದ ಸಿಗಲಿಲ್ಲ. ಅವರು ತಮ್ಮ ಎದೆ ಮುಟ್ಟಿಕೊಂಡು, ಗಾಳಿಯಲ್ಲಿ ಉದ್ದ ಗಡ್ಡ ಎಳೆದು, ತಲೆಯ ಮೇಲೆ ಕರವಸ್ತ್ರ ಮುಚ್ಚಿಕೊಂಡು ಬಗ್ಗಿ ತೋರಿಸಿದರು. ಅವರ ಅಜ್ಜ ಕರಿ ಬಟ್ಟೆ ಮುಚ್ಚಿಕೊಂಡು ಹಳೆಯ ಕ್ಯಾಮೆರಾದಲ್ಲಿ ಫೋಟೋ ತೆಗೆಯುತ್ತಿದ್ದನೆಂದು ನಾನು ತಿಳಿದೆ. "ಪಾಪ, ತಲಿ ನೋವಂತ," ಎಂದರು ಅತ್ತೆ.

ಆಮೇಲೆ ಆ ಒಂದು ರಟ್ಟನ್ನು ಅಂಗಿಯ ಜೇಬಿಗೆ ಇಳಿಸಿ ಪೆಟ್ಟಿಗೆಯನ್ನು ನಮ್ಮ ಕಡೆ ಸರಿಸಿದರು, ಒಂದನ್ನು ಆರಿಸಿಕೊಳ್ಳಿ ಎಂಬಂತೆ. ನಾನು ಜೇಬಿನ ಕಡೆ ಕೈ ಮಾಡಿದೆ. ನಗುತ್ತಲೇ ತಲೆ ಅಲ್ಲಾಡಿಸಿದರು. ಯಜಮಾನರು ನನ್ನ ಕಾಲು ತುಳಿದರು. ನಾನು ಹಿಮದ ಬೆಟ್ಟವಿದ್ದ, ಎರಡು ಡೇರೆಗಳಿದ್ದ ಇನ್ನೊಂದು ರಟ್ಟನ್ನು ಆರಿಸಿದೆ. ಅದನ್ನು ಎತ್ತಿಕೊಟ್ಟರು.

"ಒಂದ ಕೈಲೆ ಕೊಟ್ಟಾನ, ನೋಡ್ಕೋ," ಎಂದು ದಾರಿಯಲ್ಲಿ ಅತ್ತೆ ಎಚ್ಚರಿಸಿದರು. ಆದರೆ ಅದನ್ನು ಯಾರೂ ತಿರುಗಿ ಕೇಳಲಿಲ್ಲ. ಯಂತ್ರ ಓಡಿತು, ಸಾಹೇಬರು ಹೋದರು, ಖಾಯಂ ಆದವರಲ್ಲಿ ಯಜಮಾನರ ಹೆಸರಿತ್ತು. ಅದು ತಮ್ಮ ಕೆಲಸದಿಂದ ಎಂದರು ಯಜಮಾನರು. ಉತ್ತರ ಪೂಜೆಯಿಂದ ಎಂದರು ಅತ್ತೆ. ಕುಂಕುಮದಿಂದಲೋ, ಮಸಿಯಿಂದಲೋ, ಅಥವಾ ಈ ಯಾವುದಕ್ಕೂ ಸಂಬಂಧವೇ ಇಲ್ಲವೋ, ನನಗೆ ತಿಳಿಯದು.

ನಾನು ಹೊಸ ರಟ್ಟನ್ನು ತೆಗೆದುಕೊಂಡು ಮುಂಡಗೋಡಕ್ಕೆ ಹೋದೆ. ಹಲಗೆ ಖಾಲಿ ಇತ್ತು, ಅದರ ಮುಂದೆ ದೀಪ ಉರಿಯುತ್ತಿತ್ತು. ಮಗಳು ರಟ್ಟನ್ನು ತಾಯಿಯ ಕೈಗಿತ್ತಳು. ಮುದುಕಿ ಅದನ್ನು ಪೊರೆಗಣ್ಣಿಗೆ ಹತ್ತಿರ ಹಿಡಿದು, ಹೆಬ್ಬೆರಳನ್ನು ಬೆಟ್ಟದ ಮೇಲೆ ಮೆಲ್ಲಗೆ ಎಳೆದಳು. ಒಂದೇ ಮಾತು ಹೇಳಿ ಮಗಳಿಗೆ ತಿರುಗಿ ಕೊಟ್ಟಳು.

"ಇದು ನಮ್ಮದಲ್ಲವಂತೆ," ಎಂದು ಮಗಳು ಹಿಂದಿಯಲ್ಲಿ ಹೇಳಿದಳು. "ಯಾವುದೋ ಬೇರೆ ದೇಶದ್ದಂತೆ."

ಬೆಣ್ಣೆ, ಉಪ್ಪು ಹಾಕಿದ ಚಹಾ ಕೊಟ್ಟಳು. ಹೊರಡುವಾಗ ರಟ್ಟನ್ನು ಎರಡೂ ಕೈಯಿಂದ ನನಗೆ ಕೊಟ್ಟಳು.

ಮನೆಗೆ ಬಂದು ಅತ್ತೆಯ ಮುಂದೆ ಹಿಡಿದೆ. ಜಗುಲಿಯಲ್ಲಿ ಜಾಗ ಹೇಗೂ ಇತ್ತು. ಅವರು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಅದನ್ನು ನನಗೇ ಕೊಟ್ಟರು.

"ಇದಲ್ಲವಾ. ಇದು ಬರೇ ಗುಡ್ಡ."

ಅತ್ತೆಯೂ ಮುಂಡಗೋಡದ ಆ ಮುದುಕಿಯೂ ಒಬ್ಬರನ್ನೊಬ್ಬರು ಕಂಡವರಲ್ಲ, ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ರಟ್ಟು ಈಗಲೂ ನನ್ನ ಟ್ರಂಕಿನಲ್ಲಿದೆ, ಸೀರೆಗಳ ಕೆಳಗೆ ಅದರ ಜಾಗದಲ್ಲಿ. ಕೆಳಗಿನ ಅಕ್ಷರ ಅದೇ, ಕೊಲೊರಾಡೊ. ವರ್ಷಕ್ಕೊಮ್ಮೆ ಟ್ರಂಕು ಬಿಸಿಲಿಗೆ ತೆಗೆದಾಗ ನೋಡುತ್ತೇನೆ. ಹಿಮ ಇದೆ, ಡೇರೆ ಇದೆ. ಅವರಿಬ್ಬರಿಗೆ ಕಂಡ ವ್ಯತ್ಯಾಸ ನನಗೆ ಇನ್ನೂ ಕಂಡಿಲ್ಲ.